ದಯೆಗೆ ದೇವರ ಹಂಗುಂಟೆ?

ಕಳೆದ ಕಾರ್ತಿಕಮಾಸದಲ್ಲಿ, ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿಹೋದ ಹಳೆಯ ವಿದ್ಯಾರ್ಥಿಯೊಬ್ಬರಿಂದ ಒಂದು ಪತ್ರ ಬಂದಿತು. ಅವರು ಈಗ ದೂರದ ಊರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾರೆ. ಹದಿನಾಲ್ಕು ವರ್ಷಗಳಿಂದ ಜಾತ್ರೆಗೆ ಮುನ್ನ ದಾಸೋಹಕ್ಕೆಂದು ತಪ್ಪದೆ ಹಣ ಕಳುಹಿಸುತ್ತ ಬಂದವರು. ತಮ್ಮ ಹೆಸರನ್ನು ದಾನಿಗಳ ಫಲಕದಲ್ಲಿ ಬರೆಯಿಸಕೂಡದೆಂದು ಅಷ್ಟೇ ತಪ್ಪದೆ ತಿಳಿಸುವವರು. ಈ ಸಲ ಹಣದ ಜೊತೆಗೆ ಒಂದು ನಿವೇದನೆಯೂ ಇತ್ತು. ತಮಗೆ ದೇವರಲ್ಲಿ ನಂಬಿಕೆ ಉಳಿದಿಲ್ಲವೆಂದೂ, ಅದು ಯಾವುದೋ ಒಂದು ದಿನದ ಕೋಪದಿಂದ ಹೋದದ್ದಲ್ಲ, ವರ್ಷಗಳ ಆಲೋಚನೆಯಿಂದ ಹೋದದ್ದೆಂದೂ, ತಾಯಿಯ ಮನಸ್ಸು ನೋಯಬಾರದೆಂದು ಅವರಿರುವವರೆಗೆ ಇಷ್ಟಲಿಂಗವನ್ನು ಧರಿಸಿದ್ದು, ಅವರು ಲಿಂಗೈಕ್ಯರಾದ ಮೇಲೆ ಅದನ್ನು ಜಗಲಿಯ ಮೇಲೆ ಇರಿಸಿರುವುದಾಗಿಯೂ ಬರೆದಿದ್ದರು. ಕೊನೆಗೆ ಒಂದು ಪ್ರಶ್ನೆ: “ಬುದ್ಧಿಯವರೆ, ನಂಬದವನು ಕೊಟ್ಟ ಅಕ್ಕಿಯಿಂದ ಮಾಡಿದ ಅನ್ನ ಪ್ರಸಾದವಾಗುತ್ತದೆಯೆ? ಆಗುವುದಿಲ್ಲವೆಂದರೆ ದಯವಿಟ್ಟು ತಿಳಿಸಿ. ಈ ಹಣವನ್ನು ಯಾವುದಾದರೂ ಅನಾಥಾಲಯಕ್ಕೆ ಕೊಡುತ್ತೇನೆ. ಭಕ್ತನೆಂಬ ಸುಳ್ಳು ಹೆಸರಿನಲ್ಲಿ ಕೊಡಲು ಮನಸ್ಸು ಒಪ್ಪುತ್ತಿಲ್ಲ.”

ಮಠದ ಕಾರ್ಯಗಳಲ್ಲಿ ಬಹುಕಾಲದಿಂದ ನೆರವಾಗುತ್ತಿರುವ ಹಿರಿಯ ಭಕ್ತರೊಬ್ಬರಿಗೆ, ಬರೆದವರ ಹೆಸರನ್ನು ಮರೆಮಾಡಿ, ಈ ಪತ್ರವನ್ನು ಓದಿ ಹೇಳಿದೆವು. ಅವರು ತಡಮಾಡಲಿಲ್ಲ. “ಹಣ ಹಿಂದಕ್ಕೆ ಕಳಿಸಿಬಿಡಿ ಬುದ್ಧಿ. ಹೊಳೆ ಬತ್ತಿದ ಮೇಲೂ ಮಡುವಿನಲ್ಲಿ ನಾಲ್ಕು ದಿನ ನೀರು ನಿಂತಿರುತ್ತದೆ. ಆ ಹುಡುಗನಲ್ಲಿರುವುದು ಮಡುವಿನ ನೀರು. ಅವನ ಮಕ್ಕಳ ಕಾಲಕ್ಕೆ ಕೆಸರೂ ಇರುವುದಿಲ್ಲ. ದೇವರಿಲ್ಲ ಎಂದವನಿಗೆ ದಯೆ ಯಾಕೆ ಬೇಕು?” ಎಂದರು. ಇವರು ಕಠಿಣ ಮನಸ್ಸಿನವರೆಂದು ಓದುಗರು ಭಾವಿಸಬಾರದು. ತಮ್ಮ ಹೊಲದ ಬೆಳೆಯಲ್ಲಿ ಒಂದು ಪಾಲನ್ನು ವರ್ಷವರ್ಷವೂ ಮಠದ ಕಣಜಕ್ಕೆ ತಂದು ಸುರಿಯುವವರು. ಆದುದರಿಂದಲೇ ಅವರ ಮಾತನ್ನು ತಳ್ಳಿಹಾಕಲು ನಮಗೆ ಸಾಧ್ಯವಾಗಲಿಲ್ಲ. ಪತ್ರಕ್ಕೆ ಆ ಕೂಡಲೇ ಉತ್ತರ ಬರೆಯಲೂ ಆಗಲಿಲ್ಲ. ದಯೆ, ಸತ್ಯ, ಪರೋಪಕಾರ ಮೊದಲಾದ ಸದ್ಗುಣಗಳು ನಿಲ್ಲುವುದಕ್ಕೆ ದೈವಶ್ರದ್ಧೆಯ ಆಧಾರ ಇರಲೇಬೇಕೆ ಎಂಬ ಪ್ರಶ್ನೆಯನ್ನು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದುವಾಗ ನಾವು ಪರೀಕ್ಷೆಗೆಂದು ಬರೆದವರು. ಪರೀಕ್ಷೆಗೆ ಬರೆಯುವುದು ಸುಲಭ. ಇಲ್ಲಿ ಕಣಜವೂ ಉಂಟು, ಉಣ್ಣುವ ಮಕ್ಕಳೂ ಉಂಟು.

ಮೊದಲು ನಾಸ್ತಿಕ ಎಂಬ ಶಬ್ದವನ್ನೇ ನೋಡೋಣ. ಇಂದು ನಾವು ದೇವರಿಲ್ಲವೆನ್ನುವವನನ್ನು ನಾಸ್ತಿಕನೆನ್ನುತ್ತೇವೆ. ಪ್ರಾಚೀನರ ಲೆಕ್ಕ ಬೇರೆ. ಪಾಣಿನಿಯ ವ್ಯಾಖ್ಯಾನಕಾರರ ಮತದಲ್ಲಿ ಪರಲೋಕವಿಲ್ಲವೆನ್ನುವವನು ನಾಸ್ತಿಕ. ಮನುವಿನ ಮತದಲ್ಲಿ ವೇದವನ್ನು ನಿಂದಿಸುವವನು ನಾಸ್ತಿಕ. ಆದಕಾರಣ ಜಗತ್ಕರ್ತನಾದ ಈಶ್ವರನನ್ನು ಒಪ್ಪದ ಪೂರ್ವಮೀಮಾಂಸಕರು ಆಸ್ತಿಕರ ಪಂಕ್ತಿಯಲ್ಲಿ ಕುಳಿತರು. ಶಿವನ ಹೊರತು ಅನ್ಯವನ್ನರಿಯದ ಹನ್ನೆರಡನೆಯ ಶತಮಾನದ ಶರಣರಾದರೋ, ವೇದವೇ ಕಡೆಯ ಮಾತೆಂದು ಒಪ್ಪದಿದ್ದುದರಿಂದ, ಆ ಲೆಕ್ಕದಲ್ಲಿ ನಾಸ್ತಿಕರೇ ಆಗಬೇಕಾಗುತ್ತದೆ! ಸೃಷ್ಟಿಕರ್ತನಾದ ದೇವರನ್ನು ಒಪ್ಪದ ಜೈನರೂ ಬೌದ್ಧರೂ ಅಹಿಂಸೆಯನ್ನೂ ಕರುಣೆಯನ್ನೂ ತಮ್ಮ ಧರ್ಮದ ತಳಹದಿಯನ್ನಾಗಿ ಮಾಡಿಕೊಂಡರು. ಶ್ರವಣಬೆಳಗೊಳವನ್ನು ಕಂಡ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಜೈನ ಬೌದ್ಧರು ದೇವರನ್ನೊಪ್ಪದಿದ್ದರೂ ಕರ್ಮವನ್ನೂ ಪುನರ್ಜನ್ಮವನ್ನೂ ಒಪ್ಪಿದವರಲ್ಲವೆ ಎಂದು ನೀವು ಕೇಳಬಹುದು. ಒಪ್ಪಿದವರೇ. ಅವೆರಡನ್ನೂ ಒಪ್ಪದವರ ವಿಚಾರಕ್ಕೆ ಮುಂದೆ ಬರುತ್ತೇವೆ.

ಗ್ರೀಸಿನ ಪ್ಲೇಟೋ ‘ಯೂಥಿಫ್ರೋ’ ಎಂಬ ಒಂದು ಸಂವಾದವನ್ನು ಬರೆದಿದ್ದಾನೆ. ಕ್ರಿ. ಪೂ. 399ರಲ್ಲಿ ಧರ್ಮದ್ರೋಹದ ಆಪಾದನೆಗೆ ಉತ್ತರ ಕೊಡಲು ಅಥೆನ್ಸಿನ ನ್ಯಾಯಸ್ಥಾನದ ಬಳಿಗೆ ಬಂದ ಸಾಕ್ರಟೀಸನಿಗೆ ಅಲ್ಲಿ ಯೂಥಿಫ್ರೋ ಎಂಬವನು ಎದುರಾಗುತ್ತಾನೆ. ಇವನು ದೈವವಿಚಾರಗಳಲ್ಲಿ ತಾನೇ ಬಲ್ಲವನೆಂದು ಬೀಗುವವನು. ಸಾಕ್ರಟೀಸ್ ಅವನನ್ನು ಕೇಳುವ ಪ್ರಶ್ನೆ ಲೋಕಪ್ರಸಿದ್ಧವಾದುದು: ಪುಣ್ಯವಾದುದು ಪುಣ್ಯವಾಗಿರುವುದರಿಂದ ದೇವತೆಗಳಿಗೆ ಪ್ರಿಯವೋ, ಅಥವಾ ದೇವತೆಗಳಿಗೆ ಪ್ರಿಯವಾಗಿರುವುದರಿಂದ ಅದು ಪುಣ್ಯವೋ? ಎರಡನೆಯದನ್ನು ಒಪ್ಪಿದರೆ, ದೇವತೆಗಳಿಗೆ ಕ್ರೌರ್ಯವೇ ಪ್ರಿಯವಾದ ದಿನ ಕ್ರೌರ್ಯವೇ ಪುಣ್ಯವಾದೀತು. ಮೊದಲನೆಯದನ್ನು ಒಪ್ಪಿದರೆ, ದಯೆಯ ಒಳ್ಳೆಯತನ ದೇವತೆಗಳ ಇಚ್ಛೆಗಿಂತ ಮೊದಲೇ ಇರುವಂಥದ್ದು. ತತ್ತ್ವಶಾಸ್ತ್ರದ ತರಗತಿಗಳಲ್ಲಿ ಈ ಪ್ರಶ್ನೆಯನ್ನು ಹೇಳಿಕೊಟ್ಟು ಮುಂದೆ ಹೋಗುತ್ತಾರೆ. ಆದರೆ ಆ ಸಂವಾದದಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಯೂಥಿಫ್ರೋ ತನ್ನ ತಂದೆಯ ಮೇಲೆಯೇ ಕೊಲೆಯ ಮೊಕದ್ದಮೆ ಹೂಡಲು ಬಂದಿದ್ದಾನೆ. ಅವರ ಹೊಲದ ಕೂಲಿಯಾಳು ಕುಡಿದ ಅಮಲಿನಲ್ಲಿ ಮನೆಯ ಗುಲಾಮನೊಬ್ಬನನ್ನು ಕೊಂದನು. ತಂದೆ ಆ ಕೂಲಿಯವನ ಕೈಕಾಲು ಕಟ್ಟಿ ಒಂದು ಹಳ್ಳಕ್ಕೆ ಎಸೆದು, ಈಗ ಧರ್ಮಸಮ್ಮತವಾಗಿ ಏನು ಮಾಡಬೇಕೆಂದು ಕೇಳಿಕೊಂಡು ಬರಲು ಅಥೆನ್ಸಿನ ಧರ್ಮಾಧಿಕಾರಿಯ ಬಳಿಗೆ ಆಳನ್ನು ಕಳುಹಿಸಿದನು. ಹೋದವನು ಉತ್ತರ ತರುವುದರೊಳಗೆ ಹಳ್ಳದಲ್ಲಿ ಬಿದ್ದವನು ಹಸಿವಿನಿಂದಲೂ ಚಳಿಯಿಂದಲೂ ಸತ್ತುಹೋದನು.

ಓದುಗರೇ, ಇದನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಿ. ತಂದೆ ಧರ್ಮವೇನೆಂದು ಕೇಳಿಕಳುಹಿಸಿದವನು. ಮಗ ಧರ್ಮಕ್ಕಾಗಿ ತಂದೆಯನ್ನೇ ನ್ಯಾಯಸ್ಥಾನಕ್ಕೆ ಎಳೆದವನು. ಶಾಸ್ತ್ರ ಹೇಳಬೇಕಾದವನು ಪಟ್ಟಣದಲ್ಲಿದ್ದಾನೆ. ಇವರಲ್ಲಿ ಯಾರಿಗೂ ದೇವರಲ್ಲಿ ನಂಬಿಕೆಯ ಕೊರತೆ ಇರಲಿಲ್ಲ. ಹಳ್ಳಕ್ಕೆ ಇಳಿದು ಒಂದು ಗುಟುಕು ನೀರು ಕೊಡುವವರು ಮಾತ್ರ ಇರಲಿಲ್ಲ.

ನಮ್ಮ ಹಳ್ಳವೂ ಒಂದಿದೆ. ಅದನ್ನು ಹೇಳದೆ ಗ್ರೀಕರ ಮಾತಾಡಿದರೆ ತಪ್ಪಾಗುತ್ತದೆ. ಇಪ್ಪತ್ತು ವರ್ಷಗಳಿಗೂ ಹಿಂದೆ, ಒಂದು ಶ್ರಾವಣಮಾಸದಲ್ಲಿ, ತಾಲ್ಲೂಕು ಕೇಂದ್ರವೊಂದರಲ್ಲಿ ನಮ್ಮ ಪ್ರವಚನ ಏರ್ಪಾಡಾಗಿತ್ತು. ಆ ದಿನದ ವಿಷಯ ದಯೆ. ಹೊರಟದ್ದೇ ತಡವಾಗಿತ್ತು. ದಾರಿಯಲ್ಲಿ ಸೈಕಲ್ಲಿನಿಂದ ಬಿದ್ದವನೊಬ್ಬ ರಸ್ತೆಯಂಚಿನ ಜಾಲಿಗಿಡದ ಬಳಿ ಮಗುಚಿಕೊಂಡಿದ್ದನು. ಕಾರಿನ ವೇಗ ತಗ್ಗಿತು. ಚಾಲಕ ನಮ್ಮ ಮುಖ ನೋಡಿದ. ಕುಡಿದು ಬಿದ್ದಿರಬೇಕು, ಹಿಂದೆ ಬರುವವರು ನೋಡಿಯಾರು ಎಂದು ಜೊತೆಯಲ್ಲಿದ್ದವರು ಹೇಳಿದರು. ನಾವು ಏನೂ ಹೇಳಲಿಲ್ಲ. ನಾವು ಏನೂ ಹೇಳದಿದ್ದುದನ್ನೇ ಅಪ್ಪಣೆಯೆಂದು ತಿಳಿದು ಚಾಲಕ ಮುಂದೆ ಹೋದ. ಸಭೆಯಲ್ಲಿ ಒಂದೂವರೆ ಗಂಟೆಯ ಕಾಲ ದಯೆಯನ್ನು ಕುರಿತು ಮಾತನಾಡಿದೆವು. ಜನರ ಕಣ್ಣಲ್ಲಿ ನೀರೂ ಬಂದಿತು. ಶಾಲು ಹೊದಿಸಿ, ಫಲಪುಷ್ಪ ಕೊಟ್ಟು ಕಳುಹಿಸಿದರು.

ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ವಿಚಾರಿಸಿ ಆಸ್ಪತ್ರೆಗೆ ಹೋದಾಗ ಅವನು ಬದುಕಿದ್ದನು. ಕುಡಿದವನೂ ಆಗಿರಲಿಲ್ಲ, ಹಿಂದಿನಿಂದ ಯಾವುದೋ ವಾಹನ ತಗುಲಿ ಬಿದ್ದಿದ್ದನು. ನಮ್ಮ ಕಾರು ಹೋದ ಮೇಲೆ ಅವನನ್ನು ಎತ್ತಿ ತಂದು ಸೇರಿಸಿ, ರಾತ್ರಿಯಿಡೀ ಅಲ್ಲೇ ಕುಳಿತಿದ್ದವನು ಆ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಮನುಷ್ಯ. ಬಿದ್ದವನ ಪರಿಚಯ ಅವನಿಗೆ ಇರಲಿಲ್ಲ. ನಾವು ಕೈಮುಗಿದಾಗ ಅವನಿಗೆ ಸಂಕೋಚವಾಯಿತು. “ದೇವ್ರು ಗೀವ್ರು ನಂಗೊತ್ತಿಲ್ಲ ಸ್ವಾಮ್ಯೋರೆ. ಬಿದ್ದಿದ್ದ, ಎತ್ಕಂಡ್ ಬಂದೆ” ಎಂದನು. ಇಂಥವರು ಒಳಗೊಳಗೆ ಆಸ್ತಿಕರೇ ಎಂದು ಆಮೇಲೆ ಒಬ್ಬರು ನಮಗೆ ಸಮಾಧಾನ ಹೇಳಿದರು. ಆ ಸಮಾಧಾನ ನಮಗೆ ಬೇಕಾಗಲಿಲ್ಲ. ಅವನು ತಾನು ಏನೆಂದು ಹೇಳಿಕೊಂಡನೋ ಅದನ್ನೇ ನಂಬುವುದು ಮರ್ಯಾದೆ.

ಬಹಳ ವರ್ಷಗಳ ಮೇಲೆ, 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದ ವಿವರವನ್ನು ಓದಿದಾಗ ನಾವು ಬೆಚ್ಚಿದೆವು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪಾದ್ರಿಗಳಾಗಲು ಓದುತ್ತಿದ್ದ ನಲವತ್ತು ವಿದ್ಯಾರ್ಥಿಗಳನ್ನು ಆರಿಸಿಕೊಂಡು, ಒಬ್ಬೊಬ್ಬರನ್ನೂ ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಕಿರುಭಾಷಣ ಮಾಡಬೇಕೆಂದು ಕಳುಹಿಸಿದರು. ಅರ್ಧ ಮಂದಿಗೆ ಕೊಟ್ಟ ವಿಷಯ, ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಕುರಿತು ಏಸು ಹೇಳಿದ ಕಥೆ. ಹೋಗುವ ಹಾದಿಯಲ್ಲಿ ಒಬ್ಬನು ಕೆಮ್ಮುತ್ತ, ನರಳುತ್ತ ಬಾಗಿಲೊಂದರ ಬಳಿ ಕುಸಿದಿರುವಂತೆ ಮಾಡಿದ್ದರು. ಸಮಯ ಸಾಕಷ್ಟಿದೆಯೆಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 63 ಮಂದಿ ಏನಾದರೂ ನೆರವು ನೀಡಿದರು. ಬಹಳ ತಡವಾಗಿದೆ, ಓಡಿ ಎಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 10 ಮಂದಿ ಮಾತ್ರ. ಭಾಷಣದ ವಿಷಯ ಯಾವುದೆಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ; ವಿದ್ಯಾರ್ಥಿಯ ಧಾರ್ಮಿಕ ಮನೋಭಾವ ಎಂಥದೆಂಬುದರಿಂದಲೂ ಯಾರು ನಿಲ್ಲುವರು, ಯಾರು ಹೋಗುವರು ಎಂಬುದನ್ನು ಮುಂಗಾಣಲಾಗಲಿಲ್ಲ. ನಲವತ್ತು ಜನರಿಂದ ಲೋಕವನ್ನೆಲ್ಲ ಅಳೆಯಬಾರದೆಂಬುದು ನಿಜ. ನಮಗಾದರೋ ಅದು ನಲವತ್ತೊಂದನೆಯವನ ಕಥೆಯಾಗಿತ್ತು.

ಇಷ್ಟರಿಂದ ನಂಬಿಕೆಯುಳ್ಳವರೂ ತಪ್ಪುತ್ತಾರೆ ಎಂದು ಮಾತ್ರ ಸಿದ್ಧವಾಗುತ್ತದೆ. ನಂಬಿಕೆಯಿಲ್ಲದವರು ಒಂದು ದಿನದ ಮರುಕದಲ್ಲಲ್ಲದೆ ಜೀವನಪರ್ಯಂತ ದಯಾವಂತರಾಗಿ ಬಾಳಬಲ್ಲರೆ? ಹಿರಿಯ ಭಕ್ತರ ಆಕ್ಷೇಪದ ಬಲವಿರುವುದು ಇಲ್ಲಿ. ನಮಗೆ ತಿಳಿದ ಇಬ್ಬರನ್ನು ಇಲ್ಲಿ ನೆನೆಯುತ್ತೇವೆ.

ಆಂಧ್ರದ ಗೋಪರಾಜು ರಾಮಚಂದ್ರ ರಾವ್, ಜನರ ಬಾಯಲ್ಲಿ ಗೋರಾ, 1902ರಲ್ಲಿ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ ಪೂರ್ಣ ನಿರೀಶ್ವರವಾದಿಯಾದವರು. ದೇವರಿಲ್ಲ, ಕರ್ಮವಿಲ್ಲ, ಹಣೆಬರಹವಿಲ್ಲ, ಆದುದರಿಂದ ಮನುಷ್ಯನ ಕಷ್ಟಕ್ಕೆ ಮನುಷ್ಯನೇ ಹೊಣೆ ಎಂಬುದು ಅವರ ನಿಲುವು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ತೆರೆದು, ಅಸ್ಪೃಶ್ಯರೆನಿಸಿಕೊಂಡವರ ನಡುವೆ ನೆಲೆಸಿ, ಸಹಪಂಕ್ತಿಭೋಜನಗಳನ್ನು ನಡೆಸಿದರು. ಗಾಂಧೀಜಿ ಇವರನ್ನು ಸೇವಾಗ್ರಾಮಕ್ಕೆ ಬರಮಾಡಿಕೊಂಡು ಮಾತನಾಡಿದರು. ಸಂಜೆಯ ಪ್ರಾರ್ಥನೆಯನ್ನು ಬಿಡದ ಗಾಂಧೀಜಿ, ದೇವರ ಹೆಸರೆತ್ತದ ಗೋರಾ ಇವರಿಬ್ಬರೂ ಒಬ್ಬರನ್ನೊಬ್ಬರು ಬದಲಾಯಿಸಲಿಲ್ಲ. ಒಟ್ಟಿಗೆ ಕೆಲಸಮಾಡಲು ಒಪ್ಪಿದರು. ಗೋರಾ ತಮ್ಮ ಮಗಳನ್ನು ಹರಿಜನ ಯುವಕನಿಗೆ ಕೊಡಲು ನಿಶ್ಚಯಿಸಿದಾಗ, ವಿವಾಹವಿಧಿಯಲ್ಲಿ ದೇವರ ಹೆಸರಿನ ಸ್ಥಾನದಲ್ಲಿ ಸತ್ಯದ ಹೆಸರನ್ನು ಹೇಳಬಹುದೆಂದು ಗಾಂಧೀಜಿ ಒಪ್ಪಿದರು. ಅವರ ಹತ್ಯೆಯಾದ ಕೆಲವೇ ವಾರಗಳಲ್ಲಿ, 1948ರಲ್ಲಿ, ಸೇವಾಗ್ರಾಮದಲ್ಲಿಯೇ ಆ ಮದುವೆ ನಡೆಯಿತು. ಹರಳಯ್ಯ ಮಧುವರಸರ ಮಕ್ಕಳ ಮದುವೆಯನ್ನು ನೆನೆಯುವ ನಾವು ಈ ಮದುವೆಯನ್ನು ಹೊರಗಿನವರದೆಂದು ಹೇಗೆ ಹೇಳೋಣ? ಕಲ್ಯಾಣದಲ್ಲಿ ಆ ತಂದೆಯರಿಬ್ಬರಿಗೆ ಎಳೆಹೂಟೆಯ ಶಿಕ್ಷೆ ವಿಧಿಸಿದರೆಂದು ನಮ್ಮ ಪುರಾಣಗಳು ಹೇಳುತ್ತವೆ. ವಿಧಿಸಿದವರು ದೇವರಿಲ್ಲವೆನ್ನುವವರಾಗಿರಲಿಲ್ಲ, ಧರ್ಮವನ್ನು ಕಾಪಾಡುತ್ತಿದ್ದೇವೆಂದೇ ಅವರು ತಿಳಿದಿದ್ದರು. ಇದನ್ನು ಬರೆಯುವಾಗ, ನಾವು ವಟುವಾಗಿ ಓದುತ್ತಿದ್ದಾಗ ಒಂದು ಕಡೆ ಊಟಕ್ಕೆ ಎರಡು ಪಂಕ್ತಿಗಳಿದ್ದುದೂ, ಎರಡು ಪಂಕ್ತಿಗೂ ಶಿವನಾಮ ಹೇಳಿಯೇ ಬಡಿಸುತ್ತಿದ್ದುದೂ ನೆನಪಾಗುತ್ತದೆ. ಅದು ನಮಗೆ ಆಗ ತಪ್ಪೆಂದು ತೋರಲೂ ಇಲ್ಲ.

ಇನ್ನೊಬ್ಬರು ನಮ್ಮವರೇ ಆದ ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಕುಟುಂಬದಲ್ಲಿ ಹುಟ್ಟಿದವರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು. ಅಮೆರಿಕಕ್ಕೆ ಹೋಗಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು, 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ನೇಮಿಸಿದವರು. ಆ ಸಮಿತಿಯ ವಿಷಯದಲ್ಲಿ ಮಠಮಾನ್ಯಗಳಲ್ಲಿ ಅನೇಕರಿಗೆ ಅಸಮಾಧಾನವಾದದ್ದುಂಟು. ಇರಲಿ. 2005ರಲ್ಲಿ ತೀರಿಕೊಳ್ಳುವವರೆಗೆ ಆ ಮನುಷ್ಯ ಬದುಕಿದ್ದು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ, ಖಾದಿ ಉಟ್ಟು, ಮದುವೆಯಾಗದೆ, ಬಡ ವಿದ್ಯಾರ್ಥಿಗಳ ನಡುವೆ. ಕಾವಿಯೊಂದನ್ನು ಬಿಟ್ಟರೆ ವಿರಕ್ತನಿಗೆ ಇನ್ನೇನು ಬೇಕು?

ಇವೆಲ್ಲವನ್ನೂ ಹಿರಿಯರಿಗೆ ಹೇಳಿದೆವು. ಅವರು ಸುಲಭವಾಗಿ ಬಿಡುವವರಲ್ಲ. “ಗೋರಾ ಯಾರ ಮನೆಯಲ್ಲಿ ಬೆಳೆದರು? ನರಸಿಂಹಯ್ಯನವರ ತಾಯಿ ದೇವರಿಗೆ ದೀಪ ಹಚ್ಚಲಿಲ್ಲವೆ? ಎಲ್ಲರದೂ ಮಡುವಿನ ನೀರೇ ಬುದ್ಧಿ” ಎಂದರು. ಈ ಮಾತಿನಲ್ಲಿ ಹುರುಳಿದೆ. ನಂಬಿಕೆ ಹೋದ ಮೇಲೂ ನಂಬಿಕೆ ಕಲಿಸಿದ ನಡೆ ಉಳಿದಿರುತ್ತದೆ. ಪತ್ರ ಬರೆದವರೇ, ತಮಗೆ ಹಸಿದವರ ಮುಖ ಕಾಣಲು ಕಲಿಸಿದ್ದು ಪ್ರಸಾದನಿಲಯದ ಪಂಕ್ತಿ ಎಂದು ಒಪ್ಪಿಕೊಂಡಿದ್ದಾರೆ. ಆದರೆ ಹೊಳೆಯ ಮೂಲವನ್ನು ಹುಡುಕುತ್ತ ಹೋದರೆ ಅದು ಮಠದ ಬಾಗಿಲಿಗೆ ಬಂದು ನಿಲ್ಲುತ್ತದೆಯೆ? ಮಠದ ಕಣಜ ತುಂಬಿದ್ದು ಎಲ್ಲಿಂದ? ನಮ್ಮ ಹಿಂದಿನ ಗುರುಗಳು ಜೋಳಿಗೆ ಹಿಡಿದು ಹೋದಾಗ ರಾಗಿ ಹಾಕಿದ ತಾಯಂದಿರಲ್ಲಿ ಷಟ್‌ಸ್ಥಲದ ಹೆಸರು ಕೇಳಿದವರು ಎಷ್ಟು ಮಂದಿ? ಲಿಂಗ ಕಟ್ಟದ ಮನೆಗಳವರೂ, ಮಸೀದಿಗೆ ಹೋಗುವವರೂ ಮೊರದಲ್ಲಿ ತಂದು ಸುರಿದರು. ಯಾವುದೋ ಊರಿನ ಮಕ್ಕಳು ಉಣ್ಣುತ್ತಾರೆ ಎಂಬುದಷ್ಟೇ ಅವರಿಗೆ ಸಾಕಾಗಿತ್ತು. ಇನ್ನೂ ಮಾತು ಬಾರದ ಕೂಸು, ಪಕ್ಕದ ಕೂಸು ಅತ್ತರೆ ತಾನೂ ಅಳುತ್ತದೆ. ಅದಕ್ಕೆ ದೀಕ್ಷೆ ಕೊಟ್ಟವರು ಯಾರು? ದಯೆ ಧರ್ಮದಿಂದ ಹುಟ್ಟಿತೆನ್ನುವುದಕ್ಕಿಂತ, ಮನುಷ್ಯರ ಎದೆಯಲ್ಲಿ ಮೊದಲೇ ಒಸರುತ್ತಿದ್ದ ದಯೆಗೆ ಧರ್ಮವು ಕಟ್ಟೆ ಕಟ್ಟಿತೆನ್ನುವುದು ಸತ್ಯಕ್ಕೆ ಹತ್ತಿರವಾದ ಮಾತು. ಬಸವಣ್ಣನವರು ದಯೆಯನ್ನು ಧರ್ಮದ ಬೇರಿನ ಸ್ಥಾನದಲ್ಲಿ ಇಟ್ಟರೆಂಬುದು ಭಕ್ತರೆಲ್ಲರೂ ಬಲ್ಲ ಸಂಗತಿ. ಬೇರು ಯಾವುದು, ಮರ ಯಾವುದು ಎಂಬುದನ್ನು ನಾವು ಬಾಯಿಪಾಠ ಮಾಡಿಯೂ ತಲೆಕೆಳಗಾಗಿ ತಿಳಿದಿದ್ದೇವೆ. ಅಂತರಂಗ ಬಹಿರಂಗಗಳ ಶುದ್ಧಿಯನ್ನು ಹೇಳುವ ಅವರ ಪ್ರಸಿದ್ಧ ವಚನವನ್ನೂ ಗಮನಿಸಿ: ಅಲ್ಲಿ ಬೇಡವೆಂದಿರುವುದೆಲ್ಲ ಮನುಷ್ಯನು ಮನುಷ್ಯನಿಗೆ ಮಾಡುವ ಕೇಡುಗಳು. ಕೂಡಲಸಂಗಮದೇವನು ಬರುವುದು ಕಟ್ಟಕಡೆಯಲ್ಲಿ, ಈ ನಡೆಯನ್ನು ಕಂಡು ಒಲಿಯುವವನಾಗಿ.

ಹಾಗಾದರೆ ಶ್ರದ್ಧೆಯಿಂದ ಏನೂ ಪ್ರಯೋಜನವಿಲ್ಲವೆ ಎಂದು ನೀವು ನಮ್ಮನ್ನು ಕೇಳಿದರೆ, ಕಾವಿ ತೊಟ್ಟವರಾಗಿ ನಾವು ಉತ್ತರ ಹೇಳಬೇಕಾದೀತು. ಕಟ್ಟೆಯ ಮಾತು ಹೇಳಿದೆವಷ್ಟೆ. ಸಹಜವಾದ ದಯೆಗೆ ಎರಡು ಊನಗಳಿವೆ. ಅದು ಬೇಗ ದಣಿಯುತ್ತದೆ. ಮುಖ ನೋಡಿ ಮಣೆ ಹಾಕುತ್ತದೆ. ಕಣ್ಣೆದುರಿನ ಒಂದು ಮಗುವಿಗೆ ಕರಗುವ ಮನಸ್ಸು, ಕಾಣದ ಸಾವಿರ ಮಕ್ಕಳ ಲೆಕ್ಕಕ್ಕೆ ಕರಗುವುದಿಲ್ಲ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಹತ್ತು ಸಾವಿರದಷ್ಟು ಮಕ್ಕಳಿಗೆ, ಜಾತಿಯನ್ನೆಣಿಸದೆ, ದಿನವೂ ಅನ್ನ ಅಕ್ಷರಗಳನ್ನಿತ್ತರು. ಅದು ಒಂದು ದಿನದ ಮರುಕದಿಂದ ಆಗುವ ಕೆಲಸವಲ್ಲ. ಬೆಳಗಿನ ಜಾವ ಎದ್ದು ಪೂಜೆ ಮಾಡಿದಷ್ಟೇ ನೇಮದಿಂದ, ಮನಸ್ಸಿರಲಿ ಬಿಡಲಿ, ಒಲೆ ಹೊತ್ತಿಸಲೇಬೇಕು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿಯನ್ನು ಹೊರಪಡಿಸಲಾಯಿತೆಂದೂ, ಅದು ಅವರದೇ ಇಚ್ಛೆಯಾಗಿತ್ತೆಂದೂ ಆಗ ಪತ್ರಿಕೆಗಳಲ್ಲಿ ಓದಿದೆವು. ಹಾಗೆಯೇ ದಾನಕ್ಕೂ ದಾಸೋಹಕ್ಕೂ ಇರುವ ಭೇದ. ದಾನದಲ್ಲಿ ಕೊಡುವವನು ಮೇಲೆ, ಕೈಯೊಡ್ಡುವವನು ಕೆಳಗೆ. ದಾಸೋಹದಲ್ಲಿ ಬಡಿಸುವವನೇ ದಾಸ; ಉಣ್ಣುವವನು ಜಂಗಮ. ಕೊಟ್ಟೆನೆಂಬ ಅಹಂಕಾರವನ್ನು ಕರಗಿಸುವುದಕ್ಕೆ ಇದಕ್ಕಿಂತ ಹದವಾದ ದಾರಿಯನ್ನು ನಾವು ಬೇರೆಡೆ ಕಂಡಿಲ್ಲ. ನಮ್ಮ ಮಟ್ಟಿಗೆ ಶ್ರದ್ಧೆಯಿಲ್ಲದೆ ಆ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆಯುವುದೂ ಆಗುತ್ತಿರಲಿಲ್ಲ. ಹೆಸರು ಬರೆಯಿಸಬೇಡಿರೆಂದು ಹದಿನಾಲ್ಕು ವರ್ಷ ಬರೆದವರು ಬೇರೆ ದಾರಿಯಿಂದ ಅಲ್ಲಿಗೆ ಬಂದಿದ್ದರೆ, ಬಂದಿಲ್ಲವೆಂದು ಹೇಳಲು ನಾವು ಯಾರು? ಫಲಕದಲ್ಲಿ ತಮ್ಮ ಹೆಸರಿನ ಅಕ್ಷರ ಚಿಕ್ಕದಾಯಿತೆಂದು ಮುನಿಸಿಕೊಂಡ ಭಕ್ತರನ್ನೂ ನಾವು ಕಂಡಿದ್ದೇವೆ.

ಉಳಿದದ್ದು ಅಕ್ಕಿಯ ಪ್ರಶ್ನೆ. ಪದಾರ್ಥವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುತ್ತದೆ. ಅರ್ಪಿಸುವವನು ಉಣ್ಣುವ ಹುಡುಗ. ಅದು ಎಂಥ ನಂಬಿಕೆಯವನ ಮನೆಯಿಂದ ಬಂದಿತೆಂಬುದು ಅಲ್ಲಿ ಅಡ್ಡಬರುವುದಿಲ್ಲ. ಆದರೂ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಪ್ರಸಂಗವೊಂದು ನಮ್ಮ ಪರಂಪರೆಯಲ್ಲಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದು ಆಸೆಯ ಅಕ್ಕಿಯೆಂದು ಹೇಳಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಆ ತಾಯಿ ನೋಡಿದ್ದು ಅಕ್ಕಿ ಬಂದ ಬಗೆಯನ್ನು. ಹೀಗೆ ಯೋಚಿಸಿ, ಪತ್ರಕ್ಕೆ ಉತ್ತರ ಬರೆಯುವಾಗ, ಹಣವನ್ನು ಸ್ವೀಕರಿಸಿದ್ದೇವೆ, ದೇವರ ವಿಚಾರವಾಗಿ ನಾವು ಏನನ್ನೂ ಕೇಳುವುದಿಲ್ಲ, ಲಕ್ಕಮ್ಮ ಕೇಳಿದ ಪ್ರಶ್ನೆಯನ್ನು ಮಾತ್ರ ನೀವೇ ಕೇಳಿಕೊಳ್ಳಿರಿ ಎಂದು ತಿಳಿಸಿದೆವು. ಬರೆದು ಮುಗಿಸಿದ ಮೇಲೆ ಹೊಳೆಯಿತು, ನಂಬಿಕೆಯುಳ್ಳ ದಾನಿಗಳಲ್ಲಿ ಒಬ್ಬರಿಗೂ ನಾವು ಈ ಮಾತನ್ನು ಇದುವರೆಗೆ ಬರೆದಿರಲಿಲ್ಲ.

ಮೂರು ವಾರಗಳ ಮೇಲೆ ಅವರ ಮರುಪತ್ರ ಬಂದಿತು. ಈ ಸಲದ ಹಣದಲ್ಲಿ ಒಂದು ಪಾಲು ನಿವೇಶನ ಮಾರಿದ್ದರಿಂದ ಬಂದದ್ದೆಂದೂ, ಕ್ರಯಪತ್ರದಲ್ಲಿ ಕಾಣಿಸಿದ ಬೆಲೆ ನಿಜವಾದ ಬೆಲೆಯಾಗಿರಲಿಲ್ಲವೆಂದೂ, ಆ ಪಾಲನ್ನು ಹಿಂತಿರುಗಿಸಬೇಕೆಂದೂ ಕೇಳಿದ್ದರು. ಹಿಂತಿರುಗಿಸಿದೆವು. “ನಂಬಿಕೆಯೂ ಹೋಯಿತು, ಹಣವೂ ಹೋಯಿತು” ಎಂದು ಹಿರಿಯರು ಗೊಣಗಿದರು. ಆಮೇಲೆ ಪತ್ರವನ್ನು ಈಸಿಕೊಂಡು ಕನ್ನಡಕ ಹಾಕಿಕೊಂಡು ತಾವೇ ಮತ್ತೊಮ್ಮೆ ಓದಿದರು. ಬರುವ ಜಾತ್ರೆಗೆ ಆ ವಿದ್ಯಾರ್ಥಿ ಬರುವವರಿದ್ದಾರೆ. ಬಂದಾಗ ತಮಗೆ ಒಮ್ಮೆ ಭೇಟಿ ಮಾಡಿಸಬೇಕೆಂದು ಹಿರಿಯರು ಹೇಳಿಹೋಗಿದ್ದಾರೆ. ವಾದಕ್ಕೋ ಮತ್ತೇತಕ್ಕೋ ಹೇಳಲಿಲ್ಲ, ನಾವೂ ಕೇಳಲಿಲ್ಲ.